ಕಸಿನ್ಸ್ ಮೇಷ್ಟ್ರನ್ನು ಹುಡುಕಿಕೊಂಡು ಮದನಪಲ್ಲಿಗೆ

ಗುರುವಾರ, ಮೈಸೂರು

ಜೇಮ್ಸ್ ಕಸಿನ್ಸ್ ಅಂದರೆ ಕನ್ನಡ ಓದಿದವರಿಗೆ ನೆನಪಾಗೋದು ಒಂದೇ ಪ್ರಸಂಗ. ಇಸವಿ 1924. ಮೈಸೂರಿನಲ್ಲಿ ಓದುತ್ತಿದ್ದ ಪುಟ್ಟಪ್ಪ ಅನ್ನೋ ಹುಡುಗ ತಾನು ಬರೆದ ಇಂಗ್ಲಿಷ್ ಪದ್ಯಗಳನ್ನು ಹಿಡಿದುಕೊಂಡು, ಊರಿಗೆ ಉಪನ್ಯಾಸಕ್ಕೆ ಬಂದಿದ್ದ ಐರಿಷ್ ಕವಿಯನ್ನು ನೋಡಲು ಹೋಗುತ್ತಾನೆ. ಕವಿ ಹಾಳೆ ತಿರುವಿ ಹಾಕುತ್ತಾರೆ. ಹುಡುಗನ ಖಾದಿ ಬಟ್ಟೆಯನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಮೈಮೇಲಿರೋದೆಲ್ಲ ಸ್ವದೇಶಿ, ಪದ್ಯ ಮಾತ್ರ ಯಾಕೆ ಹೀಗೆ, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಅನ್ನುತ್ತಾರೆ. ಹುಡುಗನಿಗೆ ಬೇಜಾರಾಗುತ್ತೆ. ಆದರೆ ರೂಮಿಗೆ ಹೋದವನು ಕನ್ನಡದಲ್ಲಿ ಬರೆಯಲು ಶುರುಮಾಡುತ್ತಾನೆ. ಆಮೇಲೆ ಕುವೆಂಪು ಆಗುತ್ತಾನೆ.

ಕಸಿನ್ಸ್ ಅಲ್ಲಿಗೆ ಮಾಯ. ಒಂದು ಮಾತು ಹೇಳೋಕೆ ಅಂತಲೇ ಹಡಗು ಹತ್ತಿ ಬಂದವರ ಹಾಗೆ. ಆ ಮಾತಿಗೆ ಮುಂಚೆ ಅವರು ಎಲ್ಲಿದ್ದರು, ಆಮೇಲೆ ಏನು ಮಾಡಿದರು, ಸಂಜೆ ಯಾರ ಜೊತೆ ಕೂತು ಟೀ ಕುಡಿಯುತ್ತಿದ್ದರು ಅಂತ ನಾವ್ಯಾರೂ ಕೇಳಲಿಲ್ಲ. ಅವರ ಕೊನೆಯ ದಿನಗಳು ಕಳೆದದ್ದು ಬೆಂಗಳೂರಿಂದ ಮೂರು ಗಂಟೆ ದೂರದ ಮದನಪಲ್ಲಿಯಲ್ಲಿ. ಹೋಗಿ ಬರೋಣ ಅಂದಾಗ ತಕ್ಷಣ ಹೂಂ ಅಂದವರು ನಮ್ಮ ರಸ್ತೆಯ ನಿವೃತ್ತ ಕನ್ನಡ ಮೇಷ್ಟ್ರು. ಹೈಸ್ಕೂಲಿನಲ್ಲಿ ಈ ಕಥೆಯನ್ನು ವರ್ಷವರ್ಷ ಹೇಳಿದವರು. ‘ಹೇಳಿ ಹೇಳಿ ಸವೆದು ಹೋಗಿದೆ ಕಣಪ್ಪ. ಮಿಕ್ಕಿದ್ದೂ ಸ್ವಲ್ಪ ನೋಡೋಣ ನಡಿ’ ಅಂದರು.

ಮೈಸೂರಿನಿಂದಲೇ ಶುರುಮಾಡಬೇಕು ಅನ್ನೋದು ಅವರ ಹಟ. ಹಾಗಾಗಿ ಬೆಳಿಗ್ಗೆಯೇ ಹೊರಟು, ದೋಸೆ ತಿಂದು, ಜಗನ್ಮೋಹನ ಅರಮನೆಗೆ ಹೋದೆವು. ಎಲ್ಲರೂ ಓಡೋದು ಹಲ್ದಣ್ಕರರ ದೀಪ ಹಿಡಿದ ಹೆಂಗಸಿನ ಚಿತ್ರದ ಕಡೆಗೆ. ನಮ್ಮ ಪಕ್ಕದಲ್ಲಿದ್ದ ಒಂದು ಕುಟುಂಬ ಅದನ್ನು ರವಿವರ್ಮನದ್ದು ಅಂತ ಮಕ್ಕಳಿಗೆ ಹೇಳುತ್ತಿತ್ತು. ಮೇಷ್ಟ್ರು ತಡೆದುಕೊಳ್ಳಲಾರದೆ ತಿದ್ದಿದರು, ಅದೂ ಜಲವರ್ಣ ಅಂತ ಸೇರಿಸಿ. ಆ ಅಪ್ಪನ ಮುಖ ನೋಡಬೇಕಿತ್ತು.

ನಾವು ಬಂದದ್ದು ಬಂಗಾಳ ಶೈಲಿಯ ಸಣ್ಣ ಚಿತ್ರಗಳಿಗಾಗಿ. ಅವುಗಳ ಮುಂದೆ ಜನ ಜಾಸ್ತಿ ನಿಲ್ಲೋದಿಲ್ಲ. ಮಸುಕು ಬಣ್ಣ, ಇಷ್ಟಿಷ್ಟೇ ಗಾತ್ರ. 1924ರಲ್ಲಿ ಇಂಥ ಹೊಸ ಕಾಲದ ಭಾರತೀಯ ಚಿತ್ರಗಳನ್ನು ಸಾರ್ವಜನಿಕರು ನೋಡುವ ಹಾಗೆ ಒಂದು ಕಡೆ ಇಡಬೇಕು ಅಂತ ನಾಲ್ವಡಿ ಕೃಷ್ಣರಾಜ ಒಡೆಯರ ಮನಸ್ಸು ಒಲಿಸಿದವರು ಇದೇ ಕಸಿನ್ಸ್. ಅಂದರೆ ಪುಟ್ಟಪ್ಪನಿಗೆ ಹೇಳಿದ ಮಾತನ್ನು ಆ ವರ್ಷ ಅರಮನೆಗೂ ಹೇಳಿದ್ದರು ಅನ್ನಿ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ. ಅದೇ ಒಳ್ಳೆಯದು, ಕಣ್ಣಲ್ಲಿ ನೋಡುತ್ತೇವೆ. ವಾರದ ದಿನ ಬೆಳಿಗ್ಗೆ ಬಾಗಿಲು ತೆರೆಯೋ ಹೊತ್ತಿಗೆ ಹೋದರೆ ಶಾಲಾ ಪ್ರವಾಸದ ಬಸ್ಸುಗಳು ಬರುವ ಮುಂಚೆ ಆರಾಮಾಗಿ ಸುತ್ತಬಹುದು.

ಶುಕ್ರವಾರ, ಹೊಸಕೋಟೆ ದಾಟಿದ ಮೇಲೆ

ರಾತ್ರಿ ಬೆಂಗಳೂರಿನಲ್ಲಿ ಉಳಿದು ಬೆಳಿಗ್ಗೆ ಹೊರಟೆವು. ಹೊಸಕೋಟೆಯ ತನಕ ಬರೀ ಲಾರಿ, ಹಾರನ್ನು. ಅದನ್ನು ದಾಟಿ ಚಿಂತಾಮಣಿ ರಸ್ತೆಗೆ ಹೊರಳಿದ ಮೇಲೆ ಗಾಳಿ ಬದಲಾಯಿತು. ಆಗಸ್ಟ್ ತಿಂಗಳು, ಮೋಡ ಕವಿದಿತ್ತು, ಮಳೆ ಮಾತ್ರ ಇಲ್ಲ. ಎಡಬಲಕ್ಕೆ ನೀಲಗಿರಿ ತೋಪು, ಮಾವಿನ ತೋಟ, ಕೋಲಿಗೆ ಕಟ್ಟಿದ ಟೊಮೆಟೊ ಗಿಡಗಳ ಸಾಲು. ದೂರದಲ್ಲಿ ಗುಂಡುಕಲ್ಲಿನ ಬೆಟ್ಟಗಳು. ಕೈವಾರದ ಕ್ರಾಸು ಬಂದಾಗ ಮೇಷ್ಟ್ರು ಕೈ ಮುಗಿದರು. ಕೈವಾರ ತಾತಯ್ಯ ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದವರು. ಈ ಸೀಮೆಯಲ್ಲಿ ಎರಡು ಭಾಷೆ ಒಂದೇ ಜಗಲಿಯಲ್ಲಿ ಕೂರುತ್ತವೆ.

ದಾರಿಯುದ್ದಕ್ಕೂ ನಾನು ಓಡಿಸುತ್ತಿದ್ದೆ, ಮೇಷ್ಟ್ರು ಕಸಿನ್ಸ್ ಕಥೆ ಬಿಚ್ಚುತ್ತಿದ್ದರು. ತಿಂಗಳಿಂದ ಓದಿ ತಯಾರಾಗಿದ್ದರು ಮನುಷ್ಯ. ಹುಟ್ಟಿದ್ದು 1873ರಲ್ಲಿ ಬೆಲ್‌ಫಾಸ್ಟ್‌ನಲ್ಲಿ. ಡಬ್ಲಿನ್‌ಗೆ ಬಂದು ಅಲ್ಲಿನ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಪದ್ಯ, ನಾಟಕ ಬರೆದರು. ಕವಿ ಯೇಟ್ಸ್ ಇದ್ದ ಗುಂಪಿನ ಒಡನಾಟ. 1903ರಲ್ಲಿ ಮಾರ್ಗರೆಟ್ ಗಿಲೆಸ್ಪಿ ಜೊತೆ ಮದುವೆ. ಆಕೆ ಸಂಗೀತದಲ್ಲಿ ಪದವಿ ಪಡೆದವರು. ಮರುವರ್ಷ ಇರಲು ಮನೆಯಿಲ್ಲದೆ ಅಲೆಯುತ್ತಿದ್ದ ಇಪ್ಪತ್ತೆರಡರ ಒಬ್ಬ ಹುಡುಗ ಇವರ ಮನೆಯಲ್ಲಿ ಒಂದೆರಡು ರಾತ್ರಿ ಉಳಿದುಕೊಂಡ. ಹೆಸರು ಜೇಮ್ಸ್ ಜಾಯ್ಸ್, ಮುಂದೆ ‘ಯುಲಿಸಿಸ್’ ಕಾದಂಬರಿ ಬರೆದವನು. ಗಂಡ ಹೆಂಡತಿ ಇಬ್ಬರೂ ಸಸ್ಯಾಹಾರಿಗಳು. ಆ ಊಟಕ್ಕೆ ಹೊಟ್ಟೆ ಕೆಟ್ಟಿತು ಅಂತ ಗೊಣಗಿಕೊಂಡು ಜಾಯ್ಸ್ ಜಾಗ ಖಾಲಿ ಮಾಡಿದ.

‘ಡಬ್ಲಿನ್‌ನಲ್ಲಿ ಸೊಪ್ಪು ತಿಂದಿದ್ದಕ್ಕೆ ಆಡಿಕೊಂಡರು. ಈ ಕಡೆ ಬಂದಮೇಲೆ ಯಾರೂ ತಿರುಗಿ ನೋಡಿರಲ್ಲ ಬಿಡು’ ಅಂತ ಮೇಷ್ಟ್ರು ನಕ್ಕರು.

ಅಷ್ಟರಲ್ಲಿ ಟಯರ್ ಪಂಚರ್. ಚಿಂತಾಮಣಿ ದಾಟಿ, ಆಂಧ್ರ ಗಡಿ ಇನ್ನೇನು ಬಂತು ಅನ್ನುವಾಗ. ಸ್ಟೆಪ್ನಿ ಹಾಕಿಕೊಂಡು ಮುಂದಿನ ಪಂಚರ್ ಅಂಗಡಿಗೆ ತಲುಪೋ ಹೊತ್ತಿಗೆ ಬಟ್ಟೆಯೆಲ್ಲ ಕೆಂಪು ಮಣ್ಣು. ಅಂಗಡಿಯಾತನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಟ್ಯೂಬ್‌ಲೆಸ್ ಟಯರಿನಿಂದ ಗೇಣುದ್ದದ ಮೊಳೆಯನ್ನು ಇಕ್ಕಳದಲ್ಲಿ ಎಳೆದು ನಮ್ಮ ಮುಂದೆ ಹಿಡಿದ. ರಬ್ಬರ್ ಎಳೆಯನ್ನು ಅಂಟಿನಲ್ಲಿ ಅದ್ದಿ, ತೂತಿಗೆ ತುರುಕಿ, ಉಳಿದದ್ದನ್ನು ಬ್ಲೇಡಿನಲ್ಲಿ ಕುಯ್ದು, ಎಂಜಲು ಹಚ್ಚಿ ಗುಳ್ಳೆ ಬರುತ್ತಾ ನೋಡಿದ. ಬರಲಿಲ್ಲ.

‘ಎಲ್ಲಿಗೆ ಸಾರ್ ಹೊರಟಿದ್ದು?’

ಹೇಳಿದೆವು. ನೂರು ವರ್ಷದ ಹಿಂದೆ ಐರ್ಲೆಂಡಿನಿಂದ ಮದನಪಲ್ಲಿಗೆ ಪಾಠ ಹೇಳೋಕೆ ಬಂದ ಒಬ್ಬರನ್ನು ಹುಡುಕಿಕೊಂಡು ಅಂತ.

ಆತನಿಗೆ ಆಶ್ಚರ್ಯ. ‘ಉಲ್ಟಾ ಆಯ್ತಲ್ಲ ಸಾರ್! ನಮ್ಮ ಕಡೆಯಿಂದ ಎಲ್ಲಾ ಕುವೈತ್‌ಗೆ ಹೋಗ್ತಾರೆ. ನಮ್ಮ ಬಾಮೈದ ಅಲ್ಲೇ ಡ್ರೈವರ್. ಅವರಿಗೆ ಇಲ್ಲಿ ಸಂಬಳ ಎಷ್ಟಿತ್ತು?’

ಸಂಬಳ ನೋಡಿ ಬಂದವರಲ್ಲಪ್ಪ ಅಂದರು ಮೇಷ್ಟ್ರು. ಆತ ನಂಬಲಿಲ್ಲ. ಸುಮ್ನೆ ಯಾರಾದರೂ ಅಷ್ಟು ದೂರ ಬರ್ತಾರಾ ಅನ್ನೋ ಮುಖ. ನ್ಯಾಯವಾದ ಪ್ರಶ್ನೆಯೇ. ಉತ್ತರ ಹೇಳಬೇಕೆಂದರೆ ಮಾರ್ಗರೆಟ್ ಕಥೆಯಿಂದ ಶುರುಮಾಡಬೇಕಾಗುತ್ತೆ. ಹೆಂಗಸರಿಗೆ ಮತದ ಹಕ್ಕು ಬೇಕು ಅಂತ 1908ರಲ್ಲಿ ಗೆಳತಿಯರ ಜೊತೆ ಸೇರಿ ಐರ್ಲೆಂಡಿನಲ್ಲಿ ಸಂಘ ಕಟ್ಟಿದಾಕೆ ಅವರು. 1910ರಲ್ಲಿ ಲಂಡನ್ನಿನಲ್ಲಿ, 1913ರಲ್ಲಿ ಐರ್ಲೆಂಡಿನಲ್ಲಿ ಜೈಲು ಕಂಡವರು. ಇಬ್ಬರಿಗೂ ಥಿಯಾಸಫಿಯ ಹುಚ್ಚು, ಎಲ್ಲ ಧರ್ಮಗಳ ತಿರುಳೂ ಒಂದೇ ಅನ್ನೋ ಪಂಥ ಅದು. 1915ರ ಕೊನೆಗೆ ಆ ಪಂಥದ ಮುಂದಾಳು ಆನಿ ಬೆಸೆಂಟ್ ಅವರ ಪತ್ರಿಕೆಯಲ್ಲಿ ಕೆಲಸ ಅಂತ ಮದ್ರಾಸಿಗೆ ಬಂದಿಳಿದರು.

ಬಂದು ವರ್ಷ ತುಂಬೋದರೊಳಗೆ ಕೆಲಸ ಹೋಯಿತು! 1916ರ ಈಸ್ಟರ್ ಹೊತ್ತಿಗೆ ಡಬ್ಲಿನ್‌ನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದಿತು. ಗುಂಡಿಗೆ ಬಲಿಯಾದ ನಾಯಕರಲ್ಲಿ ಕವಿಗಳೂ ಇದ್ದರು, ಮೇಷ್ಟ್ರುಗಳೂ ಇದ್ದರು. ಕಸಿನ್ಸ್ ಮದ್ರಾಸಿನಲ್ಲಿ ಕೂತು ಅವರನ್ನು ಹೊಗಳಿ ಬರೆದರು. ಸರ್ಕಾರದ ಕಣ್ಣು ಕೆಂಪಾಯಿತು, ಬೆಸೆಂಟ್ ಅವರನ್ನು ಪತ್ರಿಕೆಯಿಂದ ಬಿಡಿಸಬೇಕಾಯಿತು. ಆದರೆ ಕೈ ಬಿಡಲಿಲ್ಲ. ಆಗಷ್ಟೇ ಶುರುವಾಗಿದ್ದ ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜಿಗೆ ಕಳಿಸಿದರು.

‘ಪನಿಷ್‌ಮೆಂಟ್ ಟ್ರಾನ್ಸ್‌ಫರ್’ ಅಂದರು ಮೇಷ್ಟ್ರು. ‘ನನಗೆ ಮಳವಳ್ಳಿಯಿಂದ ಪಾಂಡವಪುರಕ್ಕೆ ಹಾಕಿದಾಗ ನಿಮ್ಮ ಅಕ್ಕ ಮೂರು ದಿನ ಮಾತಾಡಿರಲಿಲ್ಲ. ಆ ತಾಯಿ ಏನಂದಳೋ!’ ನಿಮ್ಮ ಅಕ್ಕ ಅಂದರೆ ಅವರ ಮನೆಯವರು.

ಮದನಪಲ್ಲಿ ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜ್‌ನಲ್ಲಿ ರೂಮು. ಬಿಸಿನೀರು ಬೆಳಿಗ್ಗೆ ಆರರಿಂದ ಏಳು ಅಂತ ಬೋರ್ಡಿತ್ತು, ಬಂದದ್ದು ಮಾತ್ರ ಉಗುರುಬೆಚ್ಚಗಿನದು. ರಾತ್ರಿ ಊಟಕ್ಕೆ ರಾಗಿ ಸಂಕಟಿ, ನಾಟಿ ಕೋಳಿ ಪುಲುಸು. ಸಂಕಟಿ ಅಂದರೆ ನಮ್ಮ ಮುದ್ದೆಯೇ, ಒಳಗೆ ಅನ್ನದ ಅಗುಳು ಸೇರಿರುತ್ತೆ. ಮಂಡ್ಯದ ಮೇಷ್ಟ್ರು ಮುರಿದು ನೋಡಿ, ‘ಪರವಾಗಿಲ್ಲ, ಕಟ್ಟೋಕೆ ಬರುತ್ತೆ ಇವರಿಗೆ’ ಅಂತ ಸರ್ಟಿಫಿಕೇಟ್ ಕೊಟ್ಟರು. ಆದರೆ ಪುಲುಸಿನ ಖಾರಕ್ಕೆ ಕಣ್ಣಲ್ಲಿ ನೀರು. ಈ ಕಡೆ ಬಂದರೆ ಮೊದಲೇ ಮಜ್ಜಿಗೆ ಹೇಳಿಟ್ಟುಕೊಳ್ಳಿ.

ಶನಿವಾರ, ಮದನಪಲ್ಲಿ

ಬೆಳಿಗ್ಗೆ ಬೇಗ ಎದ್ದು ಟೊಮೆಟೊ ಮಾರುಕಟ್ಟೆಗೆ ಹೋದೆವು. ಕಸಿನ್ಸ್‌ಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಮದನಪಲ್ಲಿಗೆ ಹೋಗಿ ಇದನ್ನು ನೋಡದೆ ಬರಬಾರದು. ದೇಶದ ದೊಡ್ಡ ಟೊಮೆಟೊ ಮಂಡಿಗಳಲ್ಲಿ ಇದೂ ಒಂದು. ಪ್ಲಾಸ್ಟಿಕ್ ಕ್ರೇಟುಗಳ ಗೋಡೆ, ನಡುವೆ ಓಣಿ, ಹರಾಜು ಕೂಗುವವನ ಹಿಂದೆ ಹತ್ತು ಜನ. ನಮ್ಮ ಗಡಿಭಾಗದ ರೈತರೂ ಇಲ್ಲಿಗೆ ತರುತ್ತಾರೆ. ಶ್ರೀನಿವಾಸಪುರ ಕಡೆಯ ಒಬ್ಬರು ಸಿಕ್ಕರು. 2023ರ ಜುಲೈನಲ್ಲಿ ಕೆಜಿಗೆ 150 ರೂಪಾಯಿ ದಾಟಿದ್ದಾಗ ಅವರ ಹೊಲದಲ್ಲಿ ಜೋಳವಿತ್ತಂತೆ. ‘ಈ ಸಲ ಟೊಮೆಟೊ ಹಾಕಿದ್ದೀನಿ, ರೇಟ್ ಬಿದ್ದಿದೆ. ನಾನು ಹಾಕಿದ್ದು ಗೊತ್ತಾಗಿಬಿಡುತ್ತೆ ಸಾರ್ ಅದಕ್ಕೆ!’ ಅಂದು ನಕ್ಕುಬಿಟ್ಟರು. ಮಂಡಿ ಎದುರಿನ ಗಾಡಿಯಲ್ಲಿ ಉಗ್ಗಾನಿ, ಮೆಣಸಿನಕಾಯಿ ಬಜ್ಜಿ. ನೆನೆಸಿದ ಮಂಡಕ್ಕಿಗೆ ಹುರಿಗಡಲೆ ಪುಡಿ, ನಿಂಬೆಹುಳಿ. ದಾವಣಗೆರೆಯವರು ಬಂದರೆ ಜಗಳ ತೆಗೆಯಬಹುದು. ನನಗಂತೂ ಹಿಡಿಸಿತು.

ಅಲ್ಲಿಂದ ಕಾಲೇಜಿಗೆ ಆಟೋ. ಬಿ.ಟಿ. ಕಾಲೇಜು ಅಂದರೆ ಸಾಕು, ಎಲ್ಲರಿಗೂ ಗೊತ್ತು. ಬೆಸೆಂಟ್ ಥಿಯಾಸಾಫಿಕಲ್ ಕಾಲೇಜು. ಆಟೋದವರಿಗೆ ಕಸಿನ್ಸ್ ಗೊತ್ತಿಲ್ಲ. ಆದರೆ ಠಾಗೂರ್ ಅಂದ ಕೂಡಲೇ ಹಿಂದೆ ತಿರುಗಿ, ‘ಜನಗಣಮನ ಇಕ್ಕಡೇ ಸಾರ್!’ ಅಂದರು, ತಮ್ಮ ತಾತನೇ ಬರೆದ ಹಾಗೆ.

ಎರಡನೇ ಶನಿವಾರ, ಕಾಲೇಜಿಗೆ ರಜೆ. ಗೇಟಿನ ಕಾವಲುಗಾರರು ವಯಸ್ಸಾದವರು. ಮೇಷ್ಟ್ರು ತಾನೂ ಮೇಷ್ಟ್ರೇ ಅಂತ ಪರಿಚಯ ಹೇಳಿಕೊಂಡಿದ್ದೇ ಸಾಕಾಯಿತು. ಕಟ್ಟಡದ ಒಳಗೆ ಬೇಡ, ಮರದ ಕೆಳಗೆ ಎಷ್ಟು ಹೊತ್ತಾದರೂ ಕೂತುಕೊಳ್ಳಿ ಅಂದರು. ಒಳಗೂ ನೋಡಬೇಕು ಅನ್ನುವವರು ವಾರದ ದಿನವೇ ಬಂದು ಕಚೇರಿಯಲ್ಲಿ ಕೇಳಿಕೊಳ್ಳಿ. ನಮಗೆ ಮರದ ಕೆಳಗೇ ಸಾಕಿತ್ತು.

1919ರ ಫೆಬ್ರವರಿ. ಕಸಿನ್ಸ್ ಇಲ್ಲಿ ಪ್ರಿನ್ಸಿಪಾಲರು. ದಕ್ಷಿಣದ ಪ್ರವಾಸದಲ್ಲಿ ದಣಿದಿದ್ದ ರವೀಂದ್ರನಾಥ ಠಾಗೂರರು ವಿಶ್ರಾಂತಿಗೆ ಅಂತ ಬಂದು ಕೆಲವು ದಿನ ಉಳಿದರು. ಈ ಕಾಲೇಜಿನಲ್ಲಿ ಒಂದು ರೂಢಿಯಿತ್ತು. ವಾರಕ್ಕೊಮ್ಮೆ, ಬುಧವಾರ ರಾತ್ರಿ ಊಟವಾದ ಮೇಲೆ ಹುಡುಗರು, ಮೇಷ್ಟ್ರುಗಳು ಎಲ್ಲ ಸೇರಿ ಹಾಡೋದು. ಯಾರಿಗೆ ಯಾವುದು ಬರುತ್ತೋ ಅದು. ಠಾಗೂರರೂ ಬಂದು ಕೂತರು. ನಾನೂ ಒಂದು ಹಾಡಲಾ ಅಂದರು. ಬೇಡ ಅನ್ನೋರು ಯಾರು?

ಆ ರಾತ್ರಿಯನ್ನು ಕಸಿನ್ಸ್ ಆಮೇಲೆ ನೆನೆಸಿಕೊಂಡಿರೋ ರೀತಿ ನನಗೆ ಬಹಳ ಇಷ್ಟ. ಅಷ್ಟು ದೊಡ್ಡ ಆಳಿಗೆ ಅಷ್ಟು ತೆಳು ದನಿ ಅಂತ ಅವರಿಗೆ ಅಚ್ಚರಿ. ಮೊದಲ ಚರಣ ಕೇಳಿದರೆ ಭೂಗೋಳದ ಪಾಠದ ಹಾಗೆ, ಊರು, ಬೆಟ್ಟ, ನದಿಗಳ ಪಟ್ಟಿ. ಎರಡನೆಯದರಲ್ಲಿ ಧರ್ಮಗಳ ಪಟ್ಟಿ. ಆದರೆ ಮೊದಲ ಪಲ್ಲವಿಗೆ ಎಲ್ಲರ ಕಿವಿ ನೆಟ್ಟಗಾಯಿತು, ಎರಡನೆಯದಕ್ಕೆ ಗಂಟಲು ಸರಿಮಾಡಿಕೊಂಡರು. ಇನ್ನೊಂದು ಸಲ, ಮತ್ತೊಂದು ಸಲ ಅಂತ ಹಾಡಿಸಿ, ಕೊನೆಗೆ ಎಲ್ಲರೂ ಜಯಹೇ ಜಯಹೇ ಅಂತ ಕೂಗಿ ಹಾಡಿದರಂತೆ. ಡಬ್ಲಿನ್‌ನಲ್ಲಿ ಭೂಗೋಳ ಪಾಠ ಮಾಡಿದವರು ಕಸಿನ್ಸ್. ಪಟ್ಟಿ ಕೇಳಿದ ಕೂಡಲೇ ಆ ಹೋಲಿಕೆ ಹೊಳೆದಿರಬೇಕು.

ಮಾರ್ಗರೆಟ್ ಅಷ್ಟಕ್ಕೇ ಬಿಡಲಿಲ್ಲ. ಠಾಗೂರರ ಜೊತೆ ಕೂತು, ಸಾಲು ಸಾಲಾಗಿ ಹಾಡಿಸಿಕೊಂಡು, ಸ್ವರ ಬರೆದುಕೊಂಡರು. ಫೆಬ್ರವರಿ 28ರಂದು ಠಾಗೂರರು ತಮ್ಮ ಕೈಯಾರೆ ಇಂಗ್ಲಿಷ್ ಅನುವಾದ ಬರೆದುಕೊಟ್ಟರು. ಜನಗಣಮನದ ರಾಗ ಹುಟ್ಟಿದ್ದೇ ಇಲ್ಲಿ ಅಂತ ಊರಿನವರು ಹೇಳುತ್ತಾರೆ. ಅದು ಸ್ವಲ್ಪ ಜಾಸ್ತಿಯಾಯಿತು. 1911ರ ಡಿಸೆಂಬರಿನಲ್ಲಿ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲೇ ಅದನ್ನು ಹಾಡಿಯಾಗಿತ್ತು. ಆದರೆ ಹುಡುಗರು ದಿನಾ ಬೆಳಿಗ್ಗೆ ಪ್ರಾರ್ಥನೆಗೆ ನಿಂತು ಹಾಡುವ ಹಾಡಾಗಿ ಅದು ಈ ಅಂಗಳದಲ್ಲಿ ಬೇರು ಬಿಟ್ಟಿತು. ಒಬ್ಬ ಐರಿಷ್ ಹೆಂಗಸು ಪಿಯಾನೊ ಕಲಿತ ಕಿವಿಯಿಂದ ಅದನ್ನು ಕೇಳಿ ಹಾಳೆಯ ಮೇಲೆ ಇಳಿಸಿದರು.

ನನಗೆ ಅನ್ನಿಸಿದ್ದು ಇಷ್ಟು. ಎಲ್ಲರೂ ಹಾಡಿನ ಬಗ್ಗೆ ಹೇಳುತ್ತಾರೆ, ಬುಧವಾರದ ಬಗ್ಗೆ ಯಾರೂ ಹೇಳೋದಿಲ್ಲ. ಆ ಬುಧವಾರದ ಕೂಟವೇ ಇಲ್ಲದಿದ್ದರೆ ಠಾಗೂರರು ವಿಶ್ರಾಂತಿ ತಗೊಂಡು ಹೊರಟುಬಿಡುತ್ತಿದ್ದರು, ಅಲ್ವಾ?

ಠಾಗೂರರು ಬರುವ ಮುಂಚಿನಿಂದಲೇ ಮಾರ್ಗರೆಟ್ ಊರಿನ ಹೆಂಗಸರನ್ನೂ ಸೇರಿಸಿಕೊಂಡು ಕೂರುತ್ತಿದ್ದರು. ಆ ಅಭ್ಯಾಸವೇ 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಮುಂದಾಳಾಗಿ ಹೆಂಗಸರ ನಿಯೋಗವೊಂದು ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಸಚಿವ ಮಾಂಟೆಗು ಅವರನ್ನು ಕಂಡು ಮತದ ಹಕ್ಕು ಕೇಳಿತು. ಅದರ ಹಿಂದೆ ಓಡಾಡಿದವರು ಇವರೇ. ಡಬ್ಲಿನ್‌ನಲ್ಲಿ ಅರ್ಧಕ್ಕೆ ನಿಂತ ಕೆಲಸವನ್ನು ಇಲ್ಲಿ ಮುಂದುವರಿಸಿದರು.

ಕಾವಲುಗಾರರು ಟೀ ತರಿಸಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ವಾಪಸ್ ನಡೆದುಕೊಂಡು ಬರುವಾಗ ಯಾವುದೋ ಶಾಲೆಯ ಮೈದಾನದಲ್ಲಿ ಆಗಸ್ಟ್ 15ರ ತಾಲೀಮು. ಡ್ರಮ್ ಬಾರಿಸುವ ಹುಡುಗಿಯ ಒಂದು ಕೋಲು ಪದೇ ಪದೇ ಕೈಜಾರಿ ಬೀಳುತ್ತಿತ್ತು. ಪ್ರತಿ ಸಲವೂ ಪಿ.ಟಿ. ಮೇಷ್ಟ್ರು ವಿಸಿಲ್ ಊದಿ ಎಲ್ಲರನ್ನೂ ಮೊದಲಿಂದ ಶುರುಮಾಡಿಸುತ್ತಿದ್ದರು. ಜನಗಣಮನ ಕೇಳಿ ನಾವಿಬ್ಬರೂ ರಸ್ತೆಯಲ್ಲಿ ನೆಟ್ಟಗೆ ನಿಂತೆವು. ಪಂಜಾಬ ಸಿಂಧು ತನಕ ಬಂದು ಮತ್ತೆ ನಿಂತಿತು. ಹೀಗೆ ನಾಲ್ಕೈದು ಸಲ. ಹೋಗೋ ಹಾಗೂ ಇಲ್ಲ, ಇರೋ ಹಾಗೂ ಇಲ್ಲ. ಬಿಸಿಲು ಬೇರೆ ಏರುತ್ತಿತ್ತು. ಕೊನೆಗೆ ಪಿ.ಟಿ. ಮೇಷ್ಟ್ರೇ ನಮ್ಮನ್ನು ನೋಡಿ, ಹೋಗಿ ಸಾರ್ ಅಂತ ಕೈ ಬೀಸಿದರು.

ಸಂಜೆ ನೀರುಗಟ್ಟುವಾರಿಪಲ್ಲಿಯ ಕಡೆ ಹೋಗಿ ರೇಷ್ಮೆ ಮಗ್ಗ ನೋಡಿದೆವು. ಮೇಷ್ಟ್ರು ಮನೆಯವರಿಗೆ ಒಂದು ಸೀರೆ ತಗೊಂಡರು. ರೇಟು ನನಗೂ ಹೇಳಲಿಲ್ಲ.

ಭಾನುವಾರ, ಹಾರ್ಸ್ಲಿ ಬೆಟ್ಟ

ಹಾರ್ಸ್ಲಿ ಬೆಟ್ಟ ಮದನಪಲ್ಲಿಯಿಂದ ಮೂವತ್ತು ಕಿಲೋಮೀಟರ್ ಒಳಗೇ. ದಾರಿಯಲ್ಲಿ ರಿಷಿ ವ್ಯಾಲಿ ಶಾಲೆಗೆ ತಿರುವು ಸಿಗುತ್ತೆ. ಅದನ್ನು ಶುರುಮಾಡಿದ ತತ್ವಚಿಂತಕ ಜಿಡ್ಡು ಕೃಷ್ಣಮೂರ್ತಿ ಹುಟ್ಟಿದ್ದು ಮದನಪಲ್ಲಿಯಲ್ಲೇ, 1895ರಲ್ಲಿ. ಅವರನ್ನು ಜಗದ್ಗುರು ಮಾಡಲು ಹೊರಟವರೂ, ಕಸಿನ್ಸ್‌ರನ್ನು ಇಲ್ಲಿಗೆ ಕಳಿಸಿದವರೂ ಒಬ್ಬರೇ, ಆನಿ ಬೆಸೆಂಟ್. ಶಾಲೆಯೊಳಗೆ ಹೋಗಲು ಮುಂಚೆಯೇ ಅನುಮತಿ ಬೇಕು, ನಾವು ತಿರುವಿನಲ್ಲೇ ನಿಂತು ಸೀತಾಫಲ ತಿಂದು ಮುಂದೆ ಹೊರಟೆವು.

ಘಾಟಿ ಶುರುವಾದ ಕೂಡಲೇ ಮಂಜು. ಫಾಗ್ ಲೈಟ್ ಹಾಕಿದರೂ ಹತ್ತು ಮಾರು ಆಚೆ ಏನೂ ಕಾಣದು. ತಿರುವಿನಲ್ಲಿ ಹಾರನ್ ಒತ್ತುತ್ತಾ ತೆವಳಿದೆವು. ಎತ್ತರ 1,200 ಮೀಟರಿಗೂ ಮೇಲೆ, ಕೆಳಗೆ ಬೆವರಿದವರಿಗೆ ಇಲ್ಲಿ ಶಾಲು ಬೇಕು. ಊರವರಿಗೆ ಇದು ಏನುಗು ಮಲ್ಲಮ್ಮನ ಕೊಂಡ. ಮಲ್ಲಮ್ಮ ಅನ್ನೋ ಹುಡುಗಿಯನ್ನು ಆನೆಗಳು ಸಾಕಿದವು ಅಂತ ಕಥೆ. ಕಡಪದ ಕಲೆಕ್ಟರ್ ಹಾರ್ಸ್ಲಿ 1860ರ ದಶಕದಲ್ಲಿ ಬೇಸಿಗೆಗೆ ಅಂತ ಇಲ್ಲಿ ಮನೆ ಕಟ್ಟಿಸಿದ ಮೇಲೆ ಹೆಸರು ಬದಲಾಯಿತು. ಮಲ್ಲಮ್ಮನ ಗುಡಿ ಈಗಲೂ ಇದೆ. ಅಲ್ಲಿನ ಹೂ ಮಾರುವ ಅಜ್ಜಿ ಹಾರ್ಸ್ಲಿ ಅನ್ನೋ ಪದವನ್ನೇ ಬಳಸಲಿಲ್ಲ. ಅವರ ಬಾಯಲ್ಲಿ ಇದು ಬರೀ ಕೊಂಡ.

ಮಂಜು ಬಿಡುವ ತನಕ ಬೆಂಚಿನ ಮೇಲೆ ಕೂತು ಹುರಿದ ಜೋಳ ತಿಂದೆವು. ಮೇಷ್ಟ್ರು ಕಥೆಯ ಉಳಿದ ಭಾಗ ಮುಗಿಸಿದರು. 1919ರಲ್ಲಿ ಕಸಿನ್ಸ್ ಟೋಕಿಯೊದ ಕೆಯೊ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋಗಿ ಬಂದದ್ದು. ಮಾರ್ಗರೆಟ್ ಮದ್ರಾಸಿನ ಸೈದಾಪೇಟೆಯಲ್ಲಿ ದೇಶದ ಮೊದಲ ಮಹಿಳಾ ಮ್ಯಾಜಿಸ್ಟ್ರೇಟ್ ಆದದ್ದು. ಅದೇ ಮ್ಯಾಜಿಸ್ಟ್ರೇಟಮ್ಮ 1932ರಲ್ಲಿ ಸರ್ಕಾರದ ಸುಗ್ರೀವಾಜ್ಞೆಗಳ ವಿರುದ್ಧ ಮಾತಾಡಿ ವೆಲ್ಲೂರು ಜೈಲಿಗೆ ಹೋದದ್ದು. ಮೂವತ್ತರ ದಶಕದಲ್ಲಿ ಕಸಿನ್ಸ್ ಮತ್ತೆ ಮದನಪಲ್ಲಿಗೆ ಪ್ರಿನ್ಸಿಪಾಲರಾಗಿ ಬಂದದ್ದು, ತಿರುವಾಂಕೂರಿನ ಮಹಾರಾಜರಿಗೂ ಚಿತ್ರಶಾಲೆಯ ಹುಚ್ಚು ಹತ್ತಿಸಿದ್ದು. ಜಯರಾಮ ಅನ್ನೋ ಹೆಸರನ್ನೂ ಇಟ್ಟುಕೊಂಡರು. ಮಾರ್ಗರೆಟ್‌ಗೆ ನಲವತ್ತರ ದಶಕದಲ್ಲಿ ಪಾರ್ಶ್ವವಾಯು ಹೊಡೆಯಿತು. ಅವರು ತೀರಿಕೊಂಡದ್ದು 1954ರಲ್ಲಿ. ಜೇಮ್ಸ್ 1956ರ ಫೆಬ್ರವರಿಯಲ್ಲಿ, ಮದನಪಲ್ಲಿಯಲ್ಲಿ.

‘ಒಂದು ಲೆಕ್ಕ ಹೇಳ್ತೀನಿ ಕೇಳು’ ಅಂದರು ಮೇಷ್ಟ್ರು. ‘ಐರ್ಲೆಂಡಿನಲ್ಲಿ ಇದ್ದಷ್ಟೇ ವರ್ಷ ಇಲ್ಲೂ ಇದ್ದರು, ಹೆಚ್ಚುಕಮ್ಮಿ ಸಮ. ನಾವು ಮಾತ್ರ ಅವರನ್ನು ಕುವೆಂಪು ಮನೆಗೆ ಐದು ನಿಮಿಷ ಬಂದುಹೋದ ನೆಂಟನ ಹಾಗೆ ಮಾಡಿದ್ದೀವಿ.’

‘ಕುವೆಂಪು ಅಲ್ವಾ ಮೇಷ್ಟ್ರೇ ಅವರ ಹತ್ತಿರ ಹೋಗಿದ್ದು?’

‘ಅದೇ ನೋಡು, ಅದನ್ನೂ ಉಲ್ಟಾ ಮಾಡಿದ್ದೀವಿ.’

ಹನ್ನೊಂದರ ಹೊತ್ತಿಗೆ ಮಂಜು ಸರಿದು, ಕೆಳಗೆ ಕೆರೆಗಳು, ಹಸಿರು ಹೊಲ, ಬೋಳು ಬಂಡೆ ಎಲ್ಲ ಕಂಡವು. ಅಷ್ಟು ಹೊತ್ತಿಗೆ ಬೆಂಗಳೂರಿನ ಕಾರುಗಳೂ ಬಂದವು. ಭಾನುವಾರ ಹೋಗೋದಾದರೆ ಹತ್ತರೊಳಗೆ ಮೇಲಿರಿ, ಆಮೇಲೆ ಗಾಡಿ ನಿಲ್ಲಿಸಲು ಜಾಗ ಹುಡುಕೋದೇ ಕೆಲಸ.

ಇಳಿದು ಬರುವಾಗ ಅದೇ ಪಂಚರ್ ಅಂಗಡಿಯಲ್ಲಿ ಗಾಳಿ ಹಿಡಿಸಿದೆವು. ಸಿಕ್ಕರಾ ಸಾರ್ ನಿಮ್ಮವರು ಅಂತ ಕೇಳಿದ. ಸಿಕ್ಕರು ಅಂದೆ. ಸಂಬಳದ ವಿಷಯ ಮತ್ತೆ ಎತ್ತಲಿಲ್ಲ, ಪುಣ್ಯ. ಚಿಂತಾಮಣಿಯಲ್ಲಿ ಮೇಷ್ಟ್ರು ಹತ್ತು ಕೆಜಿ ಟೊಮೆಟೊ ಹೇರಿಕೊಂಡರು, ಮನೆಯಲ್ಲಿರೋದು ಇಬ್ಬರೇ ಆದರೂ. ಹೊಸಕೋಟೆ ಹತ್ತಿರ ಮಳೆ ಹಿಡಿಯಿತು, ಗಾಡಿಗಳು ನಿಂತವು. ಅಷ್ಟು ಹೊತ್ತೂ ಅವರು ಫೋನಿನಲ್ಲಿ ತಿರುವನಂತಪುರದ ರೈಲು ನೋಡುತ್ತಿದ್ದರು. ಕಸಿನ್ಸ್ ಮುಂದೆ ನಿಂತು ಮಾಡಿಸಿದ ಶ್ರೀಚಿತ್ರ ಗ್ಯಾಲರಿ ಅಲ್ಲಿದೆಯಲ್ಲ, 1935ರಲ್ಲಿ ತೆರೆದದ್ದು. ಮ್ಯೂಸಿಯಂ ಆವರಣದಲ್ಲೇ ಇದೆ, ಸೋಮವಾರ ರಜೆ. ಹಾಗಾಗಿ ಭಾನುವಾರ ರಾತ್ರಿಯ ರೈಲು ಬೇಡ ಅಂತ ಅವರೇ ತೀರ್ಮಾನ ಮಾಡಿ, ನನ್ನ ಆಧಾರ್ ನಂಬರ್ ಕೇಳಿದರು.